ಅದು ಲಾರಿಯ ನೀರು

ಹಿತ್ತಿಲಿನ ಕಲ್ಲಿನ ಬಳಿ ಕೂತು ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದೆ. ಡಿಸೆಂಬರಿನ ಬೆಳಿಗ್ಗೆ. ರಬ್ಬರ್ ತೋಟದ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ, ಚಟ್ಟಿಯ ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತಿತ್ತು. ಬೆಕ್ಕು ಒಂದು ಮಾರು ದೂರದಲ್ಲಿ ಬಹಳ ಸಭ್ಯಸ್ಥನ ಹಾಗೆ ಕೂತಿತ್ತು. ಆಗ ಗೋಡೆಯಾಚೆಯಿಂದ ಪಕ್ಕದ ಮನೆಯ ಅಕ್ಕ ಕೂಗಿದರು.

"ಹೋಯ್, ಕೇಳಿತಾ? ಲಾರಿಯವರ ಮನೆಯವಳು ಹೋದರಂತೆ."

"ಎಲ್ಲಿಗೆ?" ಎಂದೆ.

"ಎಲ್ಲಿಗೆ ಅಂದ್ರೆ! ತೀರಿಕೊಂಡ್ರು ಮಾರಾಯ್ತಿ. ಬಚ್ಚಲಲ್ಲೇ."

ಇನ್ನಾ ಲಿಲ್ಲಾಹಿ ಎಂದು ಬಾಯಿ ತಾನಾಗಿ ಹೇಳಿತು. ಹುಟ್ಟಿದವರೆಲ್ಲ ಹೋಗುವವರೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ 'ಬಚ್ಚಲಲ್ಲೇ' ಎಂಬ ಒಂದು ಮಾತು ಹೊಟ್ಟೆಯೊಳಗೆ ಕೆಂಡದ ಹಾಗೆ ಬಿತ್ತು. ಚಟ್ಟಿಯ ಮೇಲೆ ಮುಚ್ಚಳ ಇಟ್ಟು, ಮುಚ್ಚಳದ ಮೇಲೆ ಕಲ್ಲಿಟ್ಟು ಎದ್ದೆ. ಸಿಟ್ಟು ಸೈತಾನನದ್ದು, ವುಝೂ ಮಾಡಿದರೆ ತಣಿಯುತ್ತದೆ ಎಂದು ಮದ್ರಸದಲ್ಲಿ ಕಲಿತಿದ್ದೇನೆ. ಕೈಕಾಲು ಮುಖ ತೊಳೆದು ವುಝೂ ಮಾಡಿದೆ. ತಣಿಯಲಿಲ್ಲ. ಇದನ್ನು ಬರೆಯುವಾಗಲೂ ತಣಿದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಊರಿನವರಿಗೆ ಗುರುತು ಹತ್ತುವುದಿಲ್ಲ. 'ಲಾರಿಯವರ ಮನೆಯವಳು' ಎಂದರೆ ಕೊಕ್ಕಡದ ಪೇಟೆಯಲ್ಲಿ ಬಸ್ಸಿಗೆ ನಿಂತವರೂ ದಾರಿ ತೋರಿಸುತ್ತಾರೆ. ಲಾರಿಗಾದರೋ ಹೆಸರಿತ್ತು. ಹಣೆಯ ಮೇಲೆ ಹಸಿರು ಬಣ್ಣದಲ್ಲಿ 'ಬರಕತ್' ಎಂದು ಬರೆಸಿ, ಸುತ್ತ ಹೂವಿನ ಬಳ್ಳಿ ಬಿಡಿಸಿದ್ದರು. ನಾನು ಅವರನ್ನು ಮಾಮಿ ಎನ್ನುತ್ತಿದ್ದೆ, ಸಂಬಂಧವೇನೂ ಇಲ್ಲ. ಅವರ ಗಂಡನನ್ನು ಊರೆಲ್ಲ ಲಾರಿ ಕಾಕ ಎನ್ನುತ್ತಿತ್ತು. ನಾವು ಆಡುವುದು ಬ್ಯಾರಿ ಮಾತು. ಮಾಮಿಯ ಮಾತಿನ ಖಾರವನ್ನು ಕನ್ನಡಕ್ಕೆ ತರುವಾಗ ದಾರಿಯಲ್ಲಿ ಅರ್ಧ ಚೆಲ್ಲಿಹೋಗುತ್ತದೆ. ಉಳಿದಷ್ಟು ಕೊಡುತ್ತೇನೆ.

ಮೊದಲು ಆ ಲಾರಿಯ ಕಾಯಿಲೆ ಹೇಳಬೇಕು. ನಮ್ಮ ಕಡೆಯ ಚಳಿಯನ್ನು ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಆದರೂ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹೊತ್ತು ಮೈ ಕೊರೆಯುತ್ತದೆ, ಆ ಹೊತ್ತಿಗೆ ಬರಕತ್ ಲಾರಿ ಏಳುತ್ತಿರಲಿಲ್ಲ. ಡೀಸೆಲ್ ಇಂಜಿನು, ನನ್ನ ಮದುವೆಗಿಂತ ಹಳೆಯದು. ಸೆಲ್ಫ್ ಹೊಡೆದರೆ ಮುದುಕನ ಹಾಗೆ ಗೊರ ಗೊರ ಎಂದು ಮತ್ತೆ ಮಲಗುತ್ತಿತ್ತು. ಬಿಸಿ ಮುಟ್ಟಿಸಿದರೆ ಮಾತ್ರ ಅದಕ್ಕೆ ಜೀವ. ಹಾಗಾಗಿ ಕಾಕ ಸಂಜೆ ರೇಡಿಯೇಟರಿನ ನೀರು ಪೂರಾ ಇಳಿಸಿಡುವುದು, ಬೆಳಿಗ್ಗೆ ಮಾಮಿ ಬಚ್ಚಲ ಹಂಡೆಯಲ್ಲಿ ಕಾಯಿಸಿದ ನೀರನ್ನು ಬಕೆಟಿನಲ್ಲಿ ಹೊತ್ತು ತಂದು ತುಂಬಿಸುವುದು, ಇನ್ನೂ ಒಂದು ಬಕೆಟು ಗೋಣಿಗೆ ಹೊಯ್ದು ಆ ಬಿಸಿ ಗೋಣಿಯನ್ನು ಇಂಜಿನಿನ ಮೈಗೆ ಹೊದೆಸುವುದು, ಅದಕ್ಕೂ ಬಗ್ಗದಿದ್ದರೆ ಹಳೇ ಬಾಣಲೆಯಲ್ಲಿ ಕೆಂಡ ಹಾಕಿ ಹೊಟ್ಟೆಯ ಕೆಳಗೆ ಇಡುವುದು. ಕಾಕ ಕ್ಯಾಬಿನ್ನಿನಲ್ಲಿ ಶಾಲು ಹೊದ್ದು ಕೂತಿರುತ್ತಿದ್ದರು. ನೀರು ತಡವಾದರೆ ಹಾರ್ನ್.

ಮಾಣಿ ಪೇಟೆಯ ಮೆಕ್ಯಾನಿಕ್ ಮೊದಲೇ ಹೇಳಿದ್ದನಂತೆ. "ಕಾಕ, ಇದಕ್ಕೆ ಚಳಿಯಲ್ಲ, ಮುಪ್ಪು. ಇಂಜಿನ್ ಬಿಚ್ಚಿ ಕೆಲಸ ಮಾಡ್ಬೇಕು."

"ಮನೆಯಲ್ಲಿ ನೀರು ಕಾಯಿಸಿ ಕೊಡುವವಳು ಇರುವಾಗ ಇಂಜಿನ್ ಯಾಕೆ ಬಿಚ್ಚುವುದು ಮಾರಾಯ?" ಎಂದರಂತೆ ಕಾಕ.

ಇದನ್ನು ನನಗೆ ಹೇಳಿದ್ದು ಮಾಮಿಯೇ. ಹೇಳಿ ನಕ್ಕರು. ಅವರ ನಗು ಒಂದು ವಿಚಿತ್ರ: ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿಕೊಂಡು, ಶಬ್ದವಿಲ್ಲದೆ. ನನಗೆ ನಗು ಬರಲಿಲ್ಲ.

"ನಿಮಗೆ ಸಿಟ್ಟು ಬರುವುದಿಲ್ಲವಾ ಮಾಮಿ?"

"ಬರ್ತದೆ. ಅದನ್ನೇ ಹಂಡೆಯ ಅಡಿಗೆ ಹಾಕ್ತೇನೆ. ಕಟ್ಟಿಗೆ ಉಳೀತದೆ."

ಅವರು ಊರಿನ ಬಾಣಂತಿಯರನ್ನು ಮೀಯಿಸುತ್ತಿದ್ದರು. ಯಾರ ಮನೆಯಲ್ಲಿ ಹೆರಿಗೆಯಾದರೂ, ನಮ್ಮವರಿರಲಿ, ತುಳುವರಿರಲಿ, ಮಾಮಿಗೆ ಕರೆ ಬರುತ್ತಿತ್ತು. ನೆಕ್ಕಿ ಸೊಪ್ಪು, ಹುಣಸೆ ಎಲೆ, ಹಲಸಿನ ಎಲೆ ಹಾಕಿ ಕುದಿಸಿದ ನೀರು. ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ, ಮೊದಲು ಎಣ್ಣೆ ತಿಕ್ಕಿ, ಮತ್ತೆ ಚೆಂಬಿನಲ್ಲಿ ನೀರು ತೆಗೆದು ಸೊಂಟಕ್ಕೆ ಗುರಿ ಇಟ್ಟು ರಪ್ಪನೆ ಹೊಡೆಯುವುದು. ನೀರು ಹದವೋ ಎಂದು ನೋಡಲು ಬೆರಳು ಅದ್ದುತ್ತಿರಲಿಲ್ಲ, ಮೊಣಕೈ ಅದ್ದುತ್ತಿದ್ದರು. ಬೆರಳು ಬೆಂಕಿ ಕಂಡು ಕಂಡು ದಪ್ಪವಾಗಿದೆ, ಅದು ಸುಳ್ಳು ಹೇಳುತ್ತದೆ, ಮೊಣಕೈ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು.

ನನ್ನ ಎರಡನೆಯ ಹೆರಿಗೆ ಡಿಸೆಂಬರಿನಲ್ಲಾಯಿತು. ಬೆಳಿಗ್ಗೆ ಲಾರಿ ಹೊರಟ ಸದ್ದು ಕೇಳಿದ ಸ್ವಲ್ಪ ಹೊತ್ತಿಗೆ ಮಾಮಿ ನಮ್ಮ ಹಿಂಬಾಗಿಲಲ್ಲಿ. ಸೀರೆಯ ಸೆರಗೆಲ್ಲ ಬೂದಿ, ಮೈಯೆಲ್ಲ ಡೀಸೆಲ್ ವಾಸನೆ.

"ಒಬ್ಬಳು ಬಾಣಂತಿಯನ್ನು ಮೀಯಿಸಿ ಕಳಿಸಿದೆ," ಎಂದರು ಎಣ್ಣೆ ಬಿಸಿ ಮಾಡುತ್ತಾ. "ಇನ್ನು ನೀನು. ಆ ದೊಡ್ಡವಳಿಗೆ ವರ್ಷ ವರ್ಷ ಬಾಣಂತಿತನ ಮಾಡಿಯೂ ಮುಗಿಯುವುದಿಲ್ಲ. ಮಗು ಎಲ್ಲಿ ಅಂತ ಕೇಳಿದರೆ ಬರೀ ಹೊಗೆ."

ನಕ್ಕು ನಕ್ಕು ನನ್ನ ಹೊಲಿಗೆ ಎಳೆಯಿತು. "ಮಾಮಿ, ನಗಿಸಬೇಡಿ."

"ನಗು. ಹೆತ್ತವಳೂ ಡೀಸೆಲ್ ಇಂಜಿನೂ ಒಂದೇ ಜಾತಿ. ಬಿಸಿ ಮಾಡದೆ ಎಬ್ಬಿಸಿದರೆ ಆಯುಷ್ಯಪೂರ್ತಿ ಕೆಮ್ಮಬೇಕು."

ಆ ನಲವತ್ತು ದಿನಗಳ ಬಿಸಿನೀರನ್ನು ನಾನು ಇವತ್ತಿಗೂ ಅಲ್ಲಾಹನಿಗೆ ಸ್ತುತಿ ಹೇಳುವಾಗ ನೆನಪು ಮಾಡುತ್ತೇನೆ. ನನಗೊಂದು ಅಭ್ಯಾಸ ಉಂಟು. ಮುಸ್ಸಂಜೆಯ ಮಗ್ರಿಬ್ ನಮಾಜಾದ ಮೇಲೆ ಚಾಪೆಯಲ್ಲೇ ಕೂತು ಆ ದಿನ ಸಿಕ್ಕಿದ ಸಣ್ಣ ಸಣ್ಣ ಅನುಗ್ರಹಗಳನ್ನು ಬೆರಳಲ್ಲಿ ಎಣಿಸುವುದು. ಗ್ಯಾಸು ಇನ್ನೊಂದು ದಿನ ಬಂತು. ಮಗನ ಜ್ವರ ಬಿಟ್ಟಿತು. ಬಾವಿಯ ನೀರು ತಿಳಿಯಾಗಿದೆ. ಒಮ್ಮೆ ಮಾಮಿ ಪಕ್ಕದಲ್ಲಿದ್ದರು. "ನೀವೂ ಎಣಿಸಿ ಮಾಮಿ" ಎಂದೆ. ಅವರು ಬೆರಳು ಬಿಡಿಸಿದರು. "ಅನ್ನ ಉಂಟು. ಹೆಂಚಿನ ಮಾಡು ಸೋರುವುದಿಲ್ಲ. ಕಣ್ಣು ಕಾಣ್ತದೆ. ಕಟ್ಟಿಗೆ ಒಣಗಿದೆ." ನಾಲ್ಕು ಬೆರಳು ಮಡಚಿ ಹೆಬ್ಬೆರಳನ್ನು ಹಾಗೇ ಎತ್ತಿ ಹಿಡಿದರು.

"ಇದೊಂದು ಖಾಲಿ ಇರಲಿ. ಒಂದು ದಿನ ನನ್ನ ಬಚ್ಚಲಿನಲ್ಲಿ, ನನ್ನ ಹಂಡೆಯಲ್ಲಿ, ನನಗೆ ಅಂತ ಬೇರೆ ಯಾರಾದರೂ ನೀರು ಕಾಯಿಸಲಿ. ಆವಾಗ ಇದನ್ನೂ ಮಡಚುತ್ತೇನೆ."

"ಈಗಲೇ ನಮ್ಮನೆಗೆ ಬನ್ನಿ, ನಾನು ಕಾಯಿಸ್ತೇನೆ" ಎಂದೆ. ಎರಡು ಸಲ ಬಂದರು ಕೂಡ. ನಮ್ಮ ಬಚ್ಚಲಿನಲ್ಲಿ ಮಿಂದು, ನನ್ನ ಕೈಯ ಚಾ ಕುಡಿದು, ತಲೆ ಒಣಗಿಸಿಕೊಂಡು ಹೋದರು. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಒಳ್ಳೆ ನೀರು. ಆದರೆ ಇದು ನೆಂಟರ ನೀರು ಮಗಳೇ" ಎಂದು ಹೆಬ್ಬೆರಳು ತೋರಿಸಿದರು. ನನಗೆ ಅರ್ಥವಾಯಿತು. ಕೊಡಬೇಕಾದವರು ಕೊಡಬೇಕು.

ಅವರಿಗೂ ಒಂದು ಹೆರಿಗೆಯಾಗಿತ್ತು. ಹೆಣ್ಣು ಮಗು, ಸೂರ್ಯ ಮುಳುಗುವ ತನಕ ಇರಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಆ ಹೆರಿಗೆಯ ಬಾಣಂತಿತನಕ್ಕೆ ವಾಮದಪದವಿನಿಂದ ಅವರ ಉಮ್ಮ ಬಂದು ಮಗಳಿಗೆ ಸೊಪ್ಪಿನ ನೀರು ಕಾಯಿಸಿಟ್ಟಿದ್ದರಂತೆ. ಅದೂ ಚಳಿಗಾಲವೇ. ಅರ್ಜೆಂಟು ಲೋಡು ಬಂತು. ಕಾಕ ಬಂದು ಆ ನೀರನ್ನೇ ಬಕೆಟಿಗೆ ತುಂಬಿಕೊಂಡು ಹೋಗಿ ಲಾರಿಗೆ ಹೊಯ್ದರು. "ಹಸಿ ಬಾಣಂತಿ ಮಣೆಯ ಮೇಲೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ," ಎಂದರು ಮಾಮಿ. "ಇವರು ಸೊಪ್ಪನ್ನು ಬಟ್ಟೆಯಲ್ಲಿ ಸೋಸಿ ಸೋಸಿ ತುಂಬಿಸಿದರು. ರೇಡಿಯೇಟರಿನಲ್ಲಿ ಎಲೆ ಸಿಕ್ಕಬಾರದಲ್ಲ. ಅಷ್ಟು ಜಾಗ್ರತೆಯ ಮನುಷ್ಯ. ಆ ದಿನ ಲಾರಿ ನೆಕ್ಕಿ ಸೊಪ್ಪಿನ ಪರಿಮಳ ಹೊಡೀತಾ ಹೋಯಿತು."

ಹೇಳಿ ಭುಜ ಕುಣಿಸಿದರು. ಆ ಸಲ ಬಾಯಿ ಮುಚ್ಚಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಕಾಕ ಕೆಟ್ಟವರಲ್ಲ ಎಂದು ಊರು ಹೇಳುತ್ತದೆ. ಹೌದು, ಕುಡಿದವರಲ್ಲ, ಕೈ ಎತ್ತಿದವರಲ್ಲ, ಐದು ಹೊತ್ತಿನ ನಮಾಜು ಬಿಟ್ಟವರಲ್ಲ. ನನ್ನ ಸಿಟ್ಟು ಅದಕ್ಕೇ ಹೆಚ್ಚು. ಕುಡುಕನಾಗಿದ್ದರೆ ಅವನ ಮೇಲೆ ಹೇಳಲಿಕ್ಕಾದರೂ ನಾಲ್ಕು ಜನ ಇರುತ್ತಿದ್ದರು. ಒಬ್ಬ ಒಳ್ಳೆಯ ಮನುಷ್ಯ ಜೀವಮಾನವಿಡೀ ಒಬ್ಬಳು ಹೆಂಗಸನ್ನು ಕಾಣದೆಯೇ ಬದುಕಿದರೆ ಯಾರಲ್ಲಿ ದೂರು ಕೊಡುವುದು?

ಮಾಮಿಯ ತಂಗಿಯ ಮಗ ಮೊದಲು ಗಲ್ಫಿನಲ್ಲಿ ಟ್ರೇಲರ್ ಓಡಿಸುತ್ತಿದ್ದ. ಮತ್ತೆ ಕೆನಡಕ್ಕೆ ಹೋದ. ಅಲ್ಲಿಂದ ಒಂದು ದಿನ ವೀಡಿಯೋ ಕಾಲ್ ಮಾಡಿ ಅವನ ಲಾರಿ ತೋರಿಸಿದ. ಸುತ್ತ ಬೆಳ್ಳಗೆ ಹಿಮ, ಲಾರಿಯ ಮೂತಿಯಿಂದ ಒಂದು ವಯರು ಇಳಿದು ಕಂಬದ ಪ್ಲಗ್ಗಿಗೆ ಸಿಕ್ಕಿಕೊಂಡಿದೆ. ನಾನೂ ಅಲ್ಲಿದ್ದೆ.

"ನಿನ್ನ ಲಾರಿಗೆ ಬಾಲ ಮುಂದೆ ಉಂಟಲ್ಲ!" ಎಂದರು ಮಾಮಿ.

"ಬಾಲ ಅಲ್ಲ, ಹೀಟರ್. ಇಂಜಿನಿನ ಹೊಟ್ಟೆಯೊಳಗೆ ಇರ್ತದೆ. ಕರೆಂಟಿಗೆ ಹಾಕಿಟ್ಟರೆ ಒಳಗಿನ ನೀರು ತಾನೇ ಬಿಸಿಯಾಗ್ತದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದೇಳ್ತದೆ."

ಮಾಮಿ ಫೋನನ್ನು ಕಣ್ಣಿನ ಹತ್ತಿರ ತಂದು ಆ ವಯರನ್ನೇ ನೋಡಿದರು. "ಅಲ್ಲಿ ಹೆಂಗಸರು ಏಳುವುದು ಬೇಡವಾ?"

"ಬೇಡ."

"ಸುಬ್‌ಹಾನಲ್ಲಾಹ್," ಎಂದರು. ಮಕ್ಕಾದ ಚಿತ್ರ ನೋಡಿದಾಗಲೂ ಅವರು ಹಾಗೆಯೇ ಹೇಳಿದ್ದು ನನಗೆ ನೆನಪುಂಟು.

ಮರುವರ್ಷ ರಜೆಯಲ್ಲಿ ಬರುವಾಗ ಹುಡುಗ ಅಂಥದ್ದೊಂದು ಹೀಟರ್ ತಂದ. ಕಾಕನ ಖುಷಿ ನೋಡಬೇಕಿತ್ತು. ಮಾಣಿಗೆ ಲಾರಿ ಕೊಂಡುಹೋಗಿ, ಇಂಜಿನಿನ ಪಕ್ಕದ ಮುಚ್ಚಳ ತೆಗೆಸಿ, ಆ ತೂತಿಗೆ ಹೊಂದುವ ಬಳೆ ಮಾಡಿಸಿ ಕೂರಿಸಿದರು. ಜಗಲಿಯ ಪ್ಲಗ್ಗಿನಿಂದ ಅಂಗಳಕ್ಕೆ ಉದ್ದ ವಯರು ಎಳೆದರು. ಹೀಟರಿನ ಪಿನ್ನು ಚಪ್ಪಟೆ, ನಮ್ಮ ಗೋಡೆಯದ್ದು ಉರುಟು. ಅದಕ್ಕೇನು, ಪಿನ್ನು ಬದಲಿಸುವ ಅಡಾಪ್ಟರ್ ನಮ್ಮ ಕಡೆಯ ಪ್ರತಿಯೊಂದು ಬ್ಯಾರಿ ಮನೆಯಲ್ಲೂ ಡ್ರಾಯರ್ ಎಳೆದರೆ ಸಿಗುತ್ತದೆ. ಮಸ್ಕತ್ತಿನ ಮಿಕ್ಸಿ, ದುಬೈಯ ಇಸ್ತ್ರಿಪೆಟ್ಟಿಗೆ, ಜಿದ್ದಾದ ಟೇಪ್‌ರೆಕಾರ್ಡರ್ ಎಲ್ಲವೂ ಹಾಗೆಯೇ ಓಡಿದವು. ವಿದೇಶದ ಸಾಮಾನು ಎಂದರೆ ಪಿನ್ನು ಬದಲಿಸಿದರೆ ಆಯಿತು ಎಂದೇ ನಮ್ಮವರ ಲೆಕ್ಕ. ಕೆನಡ ಗಲ್ಫ್ ಅಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಮೊದಲ ದಿನ ಮಾಮಿ ಮುಂಜಾನೆಯ ಸುಬಹಿಗೆ ಎದ್ದು, ಹೋಗಿ ಸ್ವಿಚ್ಚು ಹಾಕಿ, ನಮಾಜು ಮಾಡಿ, ಮತ್ತೆ ಮಲಗಿದರು. ಲಾರಿ ಸೆಲ್ಫಿಗೆ ಬೆರಳು ಮುಟ್ಟಿಸುವಷ್ಟರಲ್ಲಿ ಗರ್ಜಿಸಿ ಎದ್ದಿತಂತೆ. ಕೆನಡದಲ್ಲೂ ಹಾಗೆ ಎದ್ದಿರಲಿಕ್ಕಿಲ್ಲ. ಕಾಕ ಹೋದರು. ಮಾಮಿ ಬಿಸಿಲು ಅಂಗಳಕ್ಕೆ ಬರುವ ತನಕ ನಿದ್ದೆ ಮಾಡಿದರು. ಮಧ್ಯಾಹ್ನ ನಮ್ಮಲ್ಲಿಗೆ ಬಂದವರ ಮುಖ ಉಬ್ಬಿಕೊಂಡಿತ್ತು, ಮದುಮಗಳ ಹಾಗೆ ನಾಚಿಕೊಂಡಿದ್ದರು.

"ಮಲಗಿದೆ ಮಾರಾಯ್ತಿ. ಸೂರ್ಯ ಕಣ್ಣಿಗೆ ಬಿದ್ದರೂ ಮಲಗಿದೆ. ಏನೋ ಕದ್ದ ಹಾಗೆ ಆಯಿತು."

"ಇನ್ನು ದಿನಾ ಕದಿಯಿರಿ" ಎಂದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಟಪ್ ಎಂದು ಸದ್ದಾಯಿತು. ಹೀಟರ್ ಸುಟ್ಟಿತು, ಜಗಲಿಯ ಪ್ಲಗ್ಗು ಕರಟಿತು, ಅರ್ಧ ಮನೆಯ ವಯರು ಹೋಯಿತು. ಕಾಕ ಕೂಗಾಡಿದ್ದು ನಮ್ಮ ಅಡುಗೆಮನೆಗೆ ಕೇಳಿತು. ನಾನು ಓಡಿದೆ.

"ನೀನೇ ಮುಟ್ಟಿದ್ದು! ಗೊತ್ತಿಲ್ಲದ ಕೈ ಹಾಕಿ ಹಾಳು ಮಾಡಿದಿ!"

"ಮುಟ್ಟಿದ್ದು ಹೌದು," ಎಂದರು ಮಾಮಿ. "ಮುಟ್ಟದೆ ಸ್ವಿಚ್ಚು ಹಾಕ್ಲಿಕ್ಕೆ ನಾನೇನು ಜಿನ್ನು ಭೂತವಾ?"

ಹುಡುಗ ಆಗ ಮೂಡಬಿದ್ರೆಯಲ್ಲಿ ಹೆಂಡತಿಯ ಮನೆಯಲ್ಲಿದ್ದ. ಫೋನು ಮಾಡಿದರೆ ತಲೆ ತಲೆ ಚಚ್ಚಿಕೊಂಡ. ಕೆನಡದ ಕರೆಂಟು ನಮ್ಮದರ ಅರ್ಧದಷ್ಟೇ ಜೋರಂತೆ. ಅರ್ಧಕ್ಕೆ ಮಾಡಿದ್ದಕ್ಕೆ ಇಡೀ ಕೊಟ್ಟರೆ ಉಳಿಯುತ್ತದೆಯೇ? "ನನಗೂ ಹೊಳೆಯಲಿಲ್ಲ, ಗಲ್ಫಿನ ಅಭ್ಯಾಸ" ಎಂದು ಮಾಮಿಯ ಹತ್ತಿರ ಕ್ಷಮೆ ಕೇಳಿದ. ಕಾಕ ಕೇಳಲಿಲ್ಲ. ವಯರು ಸರಿ ಮಾಡಿಸಿದರು, ಹೀಟರಿನ ಆಸೆ ಬಿಟ್ಟರು, ಸಂಜೆ ರೇಡಿಯೇಟರಿನ ನೀರು ಇಳಿಸಿದರು. ಅಷ್ಟೇ. ಬೆಳಿಗ್ಗೆ ಬಚ್ಚಲ ಹೊಗೆಗಂಡಿಯಲ್ಲಿ ಮತ್ತೆ ಹೊಗೆ.

"ಅರ್ಧಕ್ಕೆ ಮಾಡಿದ್ದರ ಮೇಲೆ ಇಡೀ ಹೇರಿದರೆ ಟಪ್ ಅಂತದೆ, ಗೊತ್ತಾಯ್ತಲ್ಲ," ಎಂದು ಮಾಮಿ ಆಮೇಲೆ ಬಹಳ ದಿನ ಹೇಳುತ್ತಿದ್ದರು. ಲಾರಿಯ ಮಾತೆಂದು ಕಾಕ ತಲೆಯಾಡಿಸುತ್ತಿದ್ದರು.

ಮಾಮಿಗೆ ಕೆಮ್ಮು ಅದಕ್ಕಿಂತ ಮೊದಲೇ ಇತ್ತು. ಆ ವರ್ಷದಿಂದ ಏದುಸಿರು ಸೇರಿತು. ಬೆಳ್ತಂಗಡಿಯ ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಎದೆಗೆ ಕಿವಿ ಕೊಟ್ಟು ಕೇಳಿ, "ಒಲೆಯ ಹೊಗೆಯ ಹತ್ತಿರ ಹೋಗಲೇಬಾರದು" ಎಂದರು. ಬಸ್ಸಿನಲ್ಲಿ ಬರುವಾಗ ಮಾಮಿ ಕಿಟಕಿಯ ಹೊರಗೆ ನೋಡುತ್ತಾ, "ಪಾಪ, ಆ ಡಾಕ್ಟರಿಗೆ ಲಾರಿ ಇಲ್ಲ" ಎಂದರು.

ನಮ್ಮ ಮನೆಯವರಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ಹೆಚ್ಚು ಮಾತಿನವರಲ್ಲ. ನಾನು ಹಿಂದೆ ಬಿದ್ದು ಬಿದ್ದು ಕಡೆಗೆ ಒಂದು ದಿನ ಕಾಕನಿಗೆ ಹೇಳಿಸಿದೆ. "ಕಾಕ, ಬಚ್ಚಲಿಗೆ ಒಂದು ಗೀಸರ್ ಹಾಕಿಸಿ ಮಾರಾಯ್ರೆ."

ಕಾಕ ಸ್ವಲ್ಪ ಹೊತ್ತು ಯೋಚಿಸಿದರಂತೆ. ನಿಜವಾಗಿ ಯೋಚಿಸಿದರಂತೆ. ಮತ್ತೆ ಹೇಳಿದರಂತೆ, "ಗೀಸರಿನ ನೀರು ಲಾರಿಗೆ ಸಾಕಾಗ್ಲಿಕ್ಕಿಲ್ಲ."

ನಮ್ಮ ಮನೆಯವರು ಬಂದು ಇದನ್ನು ಹೇಳಿ ಊಟಕ್ಕೆ ಕೂತರು. ನಾನು ಬಡಿಸಲಿಲ್ಲ. ಅವರು ಮಾಡಿದ ತಪ್ಪೇನೂ ಇಲ್ಲ, ನನಗೆ ಗೊತ್ತು. ಆದರೂ ಆ ದಿನ ನನ್ನ ಕೈಯಲ್ಲಿ ಸೌಟು ಏಳಲಿಲ್ಲ.

ಇಷ್ಟನ್ನೂ ಎದೆಯಲ್ಲಿಟ್ಟುಕೊಂಡು ಆ ಬೆಳಿಗ್ಗೆ ಲಾರಿಯವರ ಮನೆಗೆ ಹೋದೆ. ಅಂಗಳದಲ್ಲಿ ಗಂಡಸರು ಕುರ್ಚಿ ಹಾಕುತ್ತಿದ್ದರು. ಮಂಜು ಹನಿಯುವ ಬರಕತ್ ನಡುವೆ ನಿಂತಿತ್ತು. ಕಾಕ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ನಾನು ಕ್ಯಾಬಿನ್ ಹತ್ತಿ ಕೂತಿದ್ದೆ. ನೀರು ಬರಲಿಲ್ಲ. ಹಾರ್ನ್ ಮಾಡಿದೆ. ಬರಲಿಲ್ಲ. ಮತ್ತೊಮ್ಮೆ ಮಾಡಿದೆ. ಆಮೇಲೆ ಹೋಗಿ ನೋಡಿದರೆ..." ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಬಾರದು. "ಸುಲಭದ ಮರಣ, ನರಳಲಿಲ್ಲ" ಎಂದರು ಯಾರೋ. "ಪುಣ್ಯವಂತೆ" ಎಂದರು ಇನ್ಯಾರೋ. ಸುಲಭದ್ದಂತೆ!

ಮಯ್ಯಿತ್ತನ್ನು, ಎಂದರೆ ತೀರಿಹೋದವರ ದೇಹವನ್ನು, ಮೀಯಿಸಲು ಹಿಂದಿನ ಚಾವಡಿಯಲ್ಲಿ ಪರದೆ ಕಟ್ಟಿದ್ದರು. ನಮ್ಮೂರಿನಲ್ಲಿ ಹೆಂಗಸರ ಮಯ್ಯಿತ್ ಮೀಯಿಸುವ ಒಬ್ಬ ಹಿರಿಯಮ್ಮ ಇದ್ದಾರೆ, ಅವರು ಬಂದಿದ್ದರು. ಕೈಜೋಡಿಸಲು ಮಾಮಿಯ ತಂಗಿ ಮತ್ತು ನಾನು. ಹಿರಿಯಮ್ಮ ಬಚ್ಚಲಿಗೆ ಇಣುಕಿ ಬಂದು ಕಣ್ಣೊರೆಸಿಕೊಂಡರು.

"ನೋಡಿ ಮಕ್ಕಳೇ, ಅಲ್ಲಾಹನ ಕೃಪೆ. ಹಂಡೆ ತುಂಬ ಬಿಸಿನೀರು ಉಂಟು. ಕೊನೆಯ ಸ್ನಾನಕ್ಕೂ ಯಾರಿಗೂ ಭಾರವಾಗದೆ ತಾನೇ ಕಾಯಿಸಿಟ್ಟು ಹೋದಳು. ಅದನ್ನೇ ತನ್ನಿ."

ಸುತ್ತ ನಿಂತ ಹೆಂಗಸರು ಗಳಗಳ ಅತ್ತರು. ಎಂಥ ಭಾಗ್ಯ ಎಂದರು. ಮಾಮಿಯ ಕೈ ಎದೆಯ ಮೇಲಿತ್ತು. ನಾನು ಹೆಬ್ಬೆರಳು ನೋಡಿದೆ.

"ಅದು ಲಾರಿಯ ನೀರು," ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ನಾನು ಬಚ್ಚಲಿಗೆ ಹೋಗಿ ಹಂಡೆಯ ನೀರನ್ನು ಬಕೆಟಿಗೆ ತುಂಬಿದೆ. ಒಂದೊಂದೇ ಬಕೆಟು ಹೊತ್ತು, ಶಾಲು ಎಳೆದುಕೊಂಡು, ಗಂಡಸರು ನೋಡುತ್ತಿದ್ದ ಹಾಗೆಯೇ ಅಂಗಳಕ್ಕೆ ತಂದು ಲಾರಿಯ ಮುಂದೆ ಸಾಲಾಗಿ ಇಟ್ಟೆ. ನಮ್ಮ ಮನೆಯವರು ಎದ್ದು ನಿಂತರು. ಹಂಡೆ ಖಾಲಿಯಾದ ಮೇಲೆ ಬಾವಿಯಿಂದ ಹೊಸ ನೀರು ಸೇದಿ ತುಂಬಿಸಿದೆ.

"ತಣ್ಣೀರಾದರೂ ಸಾಕು ಮಗಳೇ, ತಣ್ಣೀರೇ ಒಳ್ಳೇದು ಅಂತಲೂ ಉಂಟು," ಎಂದರು ಹಿರಿಯಮ್ಮ, ನನ್ನ ಮುಖ ನೋಡಿ ಹೆದರಿ. "ಮಯ್ಯಿತ್ತನ್ನು ಕಾಯಿಸಬಾರದು."

ಕಾಯಿಸಬಾರದು! ಶಾಲೆಯಲ್ಲಿ ಕನ್ನಡ ಕಲಿಯುವಾಗ ನನಗೆ ಈ ಶಬ್ದ ಆಶ್ಚರ್ಯವಾಗಿ ಕಂಡಿತ್ತು. ಬಿಸಿ ಮಾಡುವುದೂ ಕಾಯಿಸುವುದೇ, ದಾರಿ ನೋಡುವ ಹಾಗೆ ಮಾಡುವುದೂ ಕಾಯಿಸುವುದೇ. ಎರಡಕ್ಕೂ ಒಂದೇ ಶಬ್ದ ಯಾಕೆಂದು ಮಾಮಿಯ ಬಚ್ಚಲಿನಲ್ಲಿ ನಿಂತಾಗ ತಿಳಿಯಿತು.

"ಉಮ್ಮ, ಮೀಯಿಸುವವರಿಗೆ ಚಳಿಯಾದರೆ ನೀರು ಬಿಸಿ ಮಾಡಬಹುದು ಅಂತ ನೀವೇ ಒಮ್ಮೆ ಹೇಳಿದ್ದಲ್ಲವಾ?"

"ಹೌದು, ಚಳಿಯಾದರೆ ಆಗ್ತದೆ."

"ನನಗೆ ಚಳಿಯಾಗ್ತದೆ."

ಹಿರಿಯಮ್ಮ ನನ್ನನ್ನೇ ನೋಡಿದರು. ಬಾವಿಯಿಂದ ನೀರು ಸೇದಿ ನಾನು ಬೆವತಿದ್ದೆ. ಅವರಿಗೆ ಕಂಡಿತು. "ಸರಿ, ಬಿಸಿ ಮಾಡುವ," ಎಂದರು ಮೆಲ್ಲಗೆ.

ನಾನು ಪರದೆಯಾಚೆಗೆ ಕೇಳುವ ಹಾಗೆ ಹೇಳಿದೆ. "ನೀರು ಕಾಯಿಸ್ಲಿಕ್ಕೆ ಕಾಕ ಬರಲಿ."

ಅಂಗಳದಲ್ಲಿ ಗುಸುಗುಸು ಎದ್ದಿತು. ಒಬ್ಬರು, "ನಾವು ಹಾಕ್ತೇವೆ ಬೆಂಕಿ, ಅವರು ದುಃಖದಲ್ಲಿ ಇದ್ದಾರೆ" ಎಂದರು. "ಬೇಡ. ಕಾಕನೇ ಬರಲಿ" ಎಂದೆ. ಸ್ವಲ್ಪ ಹೊತ್ತಿಗೆ ಕಾಕ ಬಂದರು. ಬಚ್ಚಲ ಬಾಗಿಲಲ್ಲಿ ತಲೆ ತಗ್ಗಿಸಿ ಒಳಹೊಕ್ಕರು. ಹಂಡೆಯ ಅಡಿಗೆ ತೆಂಗಿನ ಒಣ ಮಡಲು ತುರುಕಿದರು, ತೆಂಗಿನಕಾಯಿಯ ಗೆರಟೆ ಇಟ್ಟರು. ಜೇಬು ಮುಟ್ಟಿ ನೋಡಿದರು. ಮಾಡಿನ ಸಂದು, ಕಿಟಕಿಯ ಕಟ್ಟೆ, ಕಟ್ಟಿಗೆಯ ರಾಶಿ ಎಲ್ಲ ತಡಕಿದರು. ಮತ್ತೆ, ಯಾವತ್ತಿನ ಹಾಗೆ, ಮನೆಯ ಕಡೆಗೆ ತಿರುಗಿ ಗಟ್ಟಿಯಾಗಿ ಕೇಳಿದರು:

"ಓಯ್, ಬೆಂಕಿಪೊಟ್ಟಣ ಎಲ್ಲಿಟ್ಟಿದ್ದೀ?"

ಪರದೆಯ ಒಳಗಿನವರೂ ಹೊರಗಿನವರೂ ಕೇಳಿದರು. ಕಾಕ ಅಲ್ಲೇ ನಿಂತುಬಿಟ್ಟರು, ಬಾಯಿ ಸ್ವಲ್ಪ ತೆರೆದುಕೊಂಡೇ ಇತ್ತು.

ಮಂಜಿಗೆ ಒದ್ದೆಯಾಗದ ಹಾಗೆ ಮಾಮಿ ಅದನ್ನು ಕಂಬಕ್ಕೆ ತೂಗುಹಾಕಿದ ಒಂದು ಗೆರಟೆಯೊಳಗೆ ಇಡುತ್ತಿದ್ದರು. ಕಾಕನ ಕೈಗೆ ಸಿಗುವಷ್ಟು ಹತ್ತಿರವೇ ಇತ್ತು. ನಾನು ಬೆರಳು ತೋರಿಸಿದೆ. ಕಡ್ಡಿ ಗೀಚಿದರು, ಆರಿತು. ಮತ್ತೆ ಗೀಚಿದರು. ಹೊಗೆ ಎದ್ದು ಕಣ್ಣು ಮೂಗು ತುಂಬಿತು, ಕೆಮ್ಮಿದರು, ಊದುಕೊಳವೆ ಹಿಡಿಯುವುದು ಯಾವ ಕಡೆಯಿಂದ ಎಂದು ತಿರುಗಿಸಿ ನೋಡಿದರು. ನನಗೆ ಕನಿಕರ ಬರಲಿಲ್ಲ. ಬರುವುದಿದ್ದರೆ ಇನ್ನೊಂದು ದಿನ ಬರಲಿ, ಅಲ್ಲಾಹನು ನನ್ನನ್ನು ಕ್ಷಮಿಸಲಿ.

ಗಂಡಸರು ಅಂಗಳದಲ್ಲಿ ಕಾದರು. ಲಾರಿಯ ಮುಂದೆ ಸಾಲಾಗಿ ನಿಂತ ಬಕೆಟುಗಳಿಂದ ಏಳುತ್ತಿದ್ದ ಸಣ್ಣ ಹಬೆ ನಿಂತುಹೋಯಿತು, ಯಾರೂ ಅವನ್ನು ಮುಟ್ಟಲಿಲ್ಲ. ನೀರು ಕಾಯಿತು. ನಾನು ಮೊಣಕೈ ಅದ್ದಿ ನೋಡಿದೆ. ಹದವಾಗಿತ್ತು.

ಬಿಸ್ಮಿ ಹೇಳಿ ಬಲಗಡೆಯಿಂದ ಶುರು ಮಾಡಿದೆವು. ಚೆಂಬಿನಿಂದ ರಪ್ಪನೆ ಹೊಡೆಯಲಿಲ್ಲ, ಮೆಲ್ಲಗೆ ಹೊಯ್ದೆವು. ಬಲಗೈ ತೊಳೆಯುವಾಗ ಬೆರಳುಗಳನ್ನು ಒಂದೊಂದಾಗಿ ಮಡಚಿ ತೊಳೆದೆ. ನಾಲ್ಕಾದ ಮೇಲೆ ಹೆಬ್ಬೆರಳು.

ಮಧ್ಯಾಹ್ನದ ಮೊದಲೇ ಮಣ್ಣಾಯಿತು. ಮನೆಗೆ ಬಂದಾಗ ನಮ್ಮ ಮನೆಯವರು ಹಿಂದಿನಿಂದಲೇ ಬಂದರು. ಮಯ್ಯಿತ್ ಮೀಯಿಸಿ ಬಂದವರು ಮೀಯಬೇಕು. ನಾನು ಯಾವತ್ತೂ ಹಾಗೆ ಹೇಳಿದವಳಲ್ಲ, ಹಿತ್ತಿಲ ಕಲ್ಲಿನ ಬಳಿ ನಿಂತು ಹೇಳಿದೆ.

"ಹಂಡೆಗೆ ಬೆಂಕಿ ಹಾಕಿ. ನನಗೆ ನೀರು ಬೇಕು."

ಅವರು ಅಂಗಿಯ ತೋಳು ಮಡಚಿದರು. ಬಚ್ಚಲ ಕಡೆಗೆ ಹೋದವರು ಅರ್ಧದಲ್ಲಿ ನಿಂತು ತಿರುಗಿದರು, ಬಾಯಿ ತೆರೆದರು, ಮತ್ತೆ ಏನೋ ನೆನಪಾಗಿ ಮುಚ್ಚಿಕೊಂಡರು. ಕೇಳಲಿಲ್ಲ. ತಾವೇ ಹುಡುಕತೊಡಗಿದರು. ನಾನು ತೋರಿಸಲಿಲ್ಲ.

ಬೆಕ್ಕು ಅಲ್ಲೇ ಕೂತಿತ್ತು, ಮುಚ್ಚಳದ ಮೇಲಿನ ಕಲ್ಲು ಹಾಗೆಯೇ ಇತ್ತು. ಅಲ್‌ಹಮ್ದುಲಿಲ್ಲಾಹ್. ಬಚ್ಚಲಲ್ಲಿ ಡಬ್ಬಿ ಉರುಳಿದ ಸದ್ದು ಕೇಳಿತು. ನೀರು ಕಾಯುವಷ್ಟರಲ್ಲಿ ಇದಾದರೂ ಮುಗಿಯಲಿ ಎಂದು ಕಲ್ಲು ತೆಗೆದಿಟ್ಟು, ಉಳಿದ ಬೂತಾಯಿಗೆ ಕೈ ಹಾಕಿದೆ.